ಮುಂಜಾನೆ ಊರು ಸುತ್ತುತ್ತಿದ್ದ ದಿವಾನ

ಊರಿನ ಸುರಕ್ಷತೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಖಾಕಿ ಸಮವಸ್ತ್ರ, ಲಾಠಿ, ಸೈರನ್ ಹಾಕಿಕೊಂಡು ಓಡುವ ಜೀಪು. ಪಿಎಸ್‌ಐ, ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತಿರುವ ಗೆಳೆಯರ ನೋಟ್ಸಿನಲ್ಲಿ ಸಮುದಾಯ ಪೊಲೀಸ್ ವ್ಯವಸ್ಥೆ ಎಂಬುದು ಬಾಯಿಪಾಠ ಮಾಡಬೇಕಾದ ಒಂದು ಟಿಪ್ಪಣಿ, ಅಷ್ಟೇ. ಆದರೆ ನಮ್ಮ ಆದಿ ಉಡುಪಿಯಿಂದ ಮಲ್ಪೆಗೆ ಹೋಗುವ ರಸ್ತೆಯನ್ನು ಬೆಳಕು ಹರಿಯುವ ಮೊದಲು ನೋಡಬೇಕು. ಬಂದರಿನ ಮೀನಿನ ಲಾರಿಗಳು, ಎಪಿಎಂಸಿ ಯಾರ್ಡಿಗೆ ಬರುವ ಗಾಡಿಗಳು, ಮೊದಲ ಬಸ್ಸಿಗೆ ಕಾಯುವವರು, ಕೆಲಸಕ್ಕೆ ನಡೆದು ಹೋಗುವ ಹೆಂಗಸರು. ಆ ಹೊತ್ತಿನಲ್ಲಿ ಒಬ್ಬಳೇ ನಡೆಯುವವಳಿಗೆ ಠಾಣೆ ಎಷ್ಟು ದೂರ ಎನ್ನುವ ಚಿಂತೆಗಿಂತ ಮುಂದಿನ ಕಂಬದ ದೀಪ ಉರಿಯುತ್ತಿದೆಯೇ ಎನ್ನುವ ಚಿಂತೆ ದೊಡ್ಡದು.

ಈ ಸಣ್ಣ ಸಂಗತಿಯನ್ನು ದೊಡ್ಡ ಅಧಿಕಾರದಲ್ಲಿದ್ದುಕೊಂಡೇ ಅರಿತಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಸಾಮಾನ್ಯ ಜ್ಞಾನದ ಗೈಡುಗಳಲ್ಲಿ ಅವರು ಮೈಸೂರಿನ ದಿವಾನ, ಬೃಂದಾವನ ಉದ್ಯಾನ ಮಾಡಿಸಿದವರು ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತಾರೆ. ಅವರು ಸರ್ಕಾರಿ ಸೇವೆಗೆ ಕಾಲಿಟ್ಟದ್ದು ಪೊಲೀಸ್ ಅಧಿಕಾರಿಯಾಗಿ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಅವರ ಜೀವನದಲ್ಲಿ ಊರನ್ನು ಚೆನ್ನಾಗಿ ನೋಡಿಕೊಂಡ ವರ್ಷಗಳೂ ಇವೆ, ಅವರ ಆಡಳಿತದಲ್ಲೇ ಪೊಲೀಸರ ಗುಂಡಿಗೆ ಜನ ಸತ್ತ ದಿನವೂ ಇದೆ. ಎರಡನ್ನೂ ಒಟ್ಟಿಗೆ ಓದಿದರೆ ಮಾತ್ರ ಸಾರ್ವಜನಿಕ ಸುರಕ್ಷತೆ ಎಲ್ಲಿ ಹುಟ್ಟುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದು ಅರ್ಥವಾಗುತ್ತದೆ.

ಕುದುರೆ ವ್ಯಾಪಾರಿಯ ಮೊಮ್ಮಗ

ಮಿರ್ಜಾ ಅವರ ಅಜ್ಜ ಅಲಿ ಅಸ್ಕರ್ ಇರಾನಿನ ಶಿರಾಜ್‌ನವರು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಕುದುರೆಗಳನ್ನು ಮಾರಲು ಬೆಂಗಳೂರಿಗೆ ಬಂದು ಇಲ್ಲಿಯೇ ನೆಲೆ ನಿಂತರು. ಬೆಂಗಳೂರಿನ ಅಲಿ ಆಸ್ಕರ್ ರಸ್ತೆ ಅವರ ಹೆಸರಿನದೇ. ಆ ಕುಟುಂಬದಲ್ಲಿ 1883ರಲ್ಲಿ ಮಿರ್ಜಾ ಹುಟ್ಟಿದರು. ಮನೆಯವರಿಗೆ ಅರಮನೆಯ ಒಡನಾಟ ಇದ್ದುದರಿಂದ, ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ್ ಎಂದು ಹೆಸರಾದ ಬಾಲಕ ಮಹಾರಾಜರ ಜೊತೆಯಲ್ಲೇ ಕೂತು ಪಾಠ ಕಲಿಯುವ ಅವಕಾಶ ಸಿಕ್ಕಿತು. ಒಬ್ಬ ಹಿಂದೂ ಅರಸು, ಒಬ್ಬ ಮುಸ್ಲಿಂ ಸಹಪಾಠಿ. ಇಬ್ಬರ ನಡುವಿನ ಆ ವಿಶ್ವಾಸ ಕೊನೆಯವರೆಗೂ ಉಳಿಯಿತು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಮೇಲೆ 1905ರಲ್ಲಿ ಮಿರ್ಜಾ ಮೈಸೂರು ಸಂಸ್ಥಾನದ ಪೊಲೀಸ್ ಇಲಾಖೆಯಲ್ಲಿ ಅಸಿಸ್ಟೆಂಟ್ ಸೂಪರಿಂಟೆಂಡೆಂಟ್ ಆಗಿ ಸೇರಿದರು. ಅದೇ ವರ್ಷ ಬೆಂಗಳೂರಿನ ಬೀದಿಗಳಲ್ಲಿ ಮೊದಲ ಬಾರಿಗೆ ವಿದ್ಯುತ್ ದೀಪಗಳು ಬೆಳಗಿದವು. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಗಿ, ಆಮೇಲೆ ಪೇಟೆಯ ಬೀದಿಗೂ ಬಂದಿತ್ತು. ಕತ್ತಲೆಯಲ್ಲಿ ಕಳ್ಳಕಾಕರ ಭಯದಿಂದ ಬೇಗ ಬಾಗಿಲು ಹಾಕುತ್ತಿದ್ದ ಪೇಟೆಗೆ ಒಂದು ದೀಪದಿಂದ ಎಷ್ಟು ಧೈರ್ಯ ಬರುತ್ತದೆ ಎಂಬುದನ್ನು ಹೊಸ ಪೊಲೀಸ್ ಅಧಿಕಾರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ಕಾಲದಲ್ಲಿ ಹಳ್ಳಿಯ ಕಾವಲು ಠಾಣೆಯದಾಗಿರಲಿಲ್ಲ, ಹಳ್ಳಿಯದೇ ಆಗಿತ್ತು. ಹಳೇ ಮೈಸೂರಿನ ಕಡೆ ತಳವಾರ, ತೋಟಿ ಊರಿನ ಕಾವಲುಗಾರರು. ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ದಕ್ಷಿಣ ಕನ್ನಡದಲ್ಲಿ ಪಟೇಲರು, ಶ್ಯಾನುಭೋಗರು, ಅವರ ಮಾತು ತಲುಪಿಸುವ ಉಗ್ರಾಣಿ. ಊರಿಗೆ ಹೊಸಬರು ಯಾರು ಬಂದರು, ಯಾರ ಹಟ್ಟಿಯ ದನ ಕಾಣೆಯಾಯಿತು, ಯಾವ ಎರಡು ಮನೆಗಳಿಗೆ ಗದ್ದೆಯ ನೀರಿನ ಜಗಳ ಎಂಬುದೆಲ್ಲ ಅವರಿಗೆ ಗೊತ್ತಿರುತ್ತಿತ್ತು. ಈ ವ್ಯವಸ್ಥೆಯಲ್ಲಿ ಜಾತಿಯ ದರ್ಪವೂ ಉಳ್ಳವರ ದಬ್ಬಾಳಿಕೆಯೂ ಇದ್ದವು, ಅದನ್ನು ಮರೆಯಬಾರದು. ಆದರೆ ಕಾಯುವವನಿಗೆ ಊರಿನ ಪರಿಚಯ ಇರಬೇಕು ಎಂಬ ತತ್ವ ಮಾತ್ರ ಸರಿಯಾಗಿಯೇ ಇತ್ತು. ಲಂಡನ್ನಿನಲ್ಲಿ 1829ರಲ್ಲಿ ರಾಬರ್ಟ್ ಪೀಲ್ ಹೊಸ ಪೊಲೀಸ್ ಪಡೆ ಕಟ್ಟಿದಾಗ ಮಾಡಿದ್ದೂ ಇದನ್ನೇ. ಒಬ್ಬೊಬ್ಬ ಪೇದೆಗೂ ಇಂತಿಷ್ಟು ಬೀದಿ ಎಂದು ಹಂಚಿ, ದಿನವೂ ಅದೇ ಬೀದಿಯಲ್ಲಿ ನಡೆಯಲು ಹೇಳಿದರು. ನಾವು ಇಂದು ಬೀಟ್ ಎನ್ನುವುದು ಅದನ್ನೇ.

ಮಿರ್ಜಾ ಪೊಲೀಸ್ ಇಲಾಖೆಯಲ್ಲಿ ಬಹಳ ಕಾಲ ಇರಲಿಲ್ಲ. ಅರಮನೆಯಿಂದ ಕರೆ ಬಂತು. ಮಹಾರಾಜರ ಕಚೇರಿಯಲ್ಲಿ ಹಂತಹಂತವಾಗಿ ಮೇಲೇರಿ 1922ರಲ್ಲಿ ಅವರ ಖಾಸಗಿ ಕಾರ್ಯದರ್ಶಿಯಾದರು. 1926ರಲ್ಲಿ ಸಂಸ್ಥಾನದ ದಿವಾನರಾದರು. ಆಗ ಅವರಿಗೆ ವಯಸ್ಸು ಇನ್ನೂ 42. ಬೀದಿಯ ಮೇಲಿನ ಕಣ್ಣು ಮಾತ್ರ ಪೊಲೀಸ್ ಅಧಿಕಾರಿಯದಾಗಿಯೇ ಉಳಿಯಿತು.

ದೀಪ, ಚರಂಡಿ, ದಾರಿ

ದಿವಾನರಾದ ಮೇಲೆ ಮಿರ್ಜಾ ಅವರ ದಿನಚರಿ ಬೆಂಗಳೂರು, ಮೈಸೂರಿನ ಜನರಿಗೆ ಚಿರಪರಿಚಿತವಾಯಿತು. ಬೆಳಗಿನ ಜಾವ ಕುದುರೆ ಏರಿ ಊರು ಸುತ್ತುವುದು ಅವರ ರೂಢಿ. ಕಟ್ಟಿಕೊಂಡ ಚರಂಡಿ, ಕಿತ್ತುಹೋದ ರಸ್ತೆ, ಕಸದ ರಾಶಿ, ಒಣಗಿದ ಗಿಡ ಯಾವುದೂ ಅವರ ಕಣ್ಣು ತಪ್ಪುತ್ತಿರಲಿಲ್ಲ. ಕಂಡದ್ದು ಬೇಗನೆ ಸಂಬಂಧಪಟ್ಟ ಅಧಿಕಾರಿಯ ಕಿವಿಗೆ ಬೀಳುತ್ತಿತ್ತು. ಸಂಸ್ಥಾನದ ಅತಿ ದೊಡ್ಡ ಅಧಿಕಾರಿಯೇ ಬೀದಿ ನೋಡಲು ಬರಬಹುದು ಎಂದು ಗೊತ್ತಿದ್ದ ಕಡೆ, ಕೆಳಗಿನ ಅಧಿಕಾರಿ ಮೊದಲೇ ನೋಡಿ ಸರಿಪಡಿಸುವುದು ಸಹಜವಾಗಿತ್ತು.

ಇದನ್ನು ಊರ ಅಲಂಕಾರದ ಹುಚ್ಚು ಎಂದು ಹೇಳಿದವರೂ ಇದ್ದಾರೆ. ಚೌಕ, ಕಾರಂಜಿ, ಉದ್ಯಾನ, ಅಂದದ ದೀಪಕಂಬಗಳ ಮೇಲೆ ಅವರಿಗೆ ಪ್ರೀತಿ ಹೆಚ್ಚೇ. ಆದರೆ ಬೆಳಕಿರುವ, ಗುಡಿಸಿದ, ಸಂಜೆ ಮನೆಮಂದಿಯೆಲ್ಲ ಬಂದು ಕೂರುವ ಜಾಗದಲ್ಲಿ ಪುಂಡರಿಗೆ ಧೈರ್ಯ ಕಡಿಮೆ. ಹಾಳುಬಿದ್ದು ಯಾರದ್ದೂ ಅಲ್ಲ ಎನಿಸುವ ಜಾಗದಲ್ಲಿ ಅದೇ ಪುಂಡರು ಬೀಡುಬಿಡುತ್ತಾರೆ. ಇದನ್ನು ತಿಳಿಯಲು ಪುಸ್ತಕ ಬೇಡ, ನಮ್ಮ ಊರಿನ ಎರಡು ಬಸ್ ತಂಗುದಾಣಗಳನ್ನು ಹೋಲಿಸಿ ನೋಡಿದರೆ ಸಾಕು. ಒಂದರಲ್ಲಿ ದೀಪವಿದೆ, ಎದುರಿಗೆ ಗೂಡಂಗಡಿಯಿದೆ, ಕಾಯುವವರಿದ್ದಾರೆ. ಇನ್ನೊಂದರಲ್ಲಿ ಬೆಂಚು ಮುರಿದಿದೆ, ಬಾಟಲಿ ಚೂರು ಬಿದ್ದಿದೆ. ಎಲ್ಲಿ ನಿಲ್ಲಬೇಕು ಎಂಬುದನ್ನು ಹುಡುಗಿಯರು ಯಾರನ್ನೂ ಕೇಳದೆ ತೀರ್ಮಾನಿಸುತ್ತಾರೆ.

ಬೀದಿಯ ಜೊತೆಗೆ ಕೆಲಸದ ಕಡೆಗೂ ಮಿರ್ಜಾ ಗಮನ ಕೊಟ್ಟರು. ಅವರ ಕಾಲದಲ್ಲಿ ಹಳ್ಳಿಗಳಿಗೆ ವಿದ್ಯುತ್ ಒಯ್ಯುವ ಕೆಲಸ ಮುಂದುವರಿಯಿತು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ, ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆ ಬಂದವು. 1936ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಬಲ್ಬು ಮಾಡುವ ಮೈಸೂರು ಲ್ಯಾಂಪ್ಸ್ ಶುರುವಾಯಿತು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರ ವಿಮಾನ ಕಾರ್ಖಾನೆ ಬೆಂಗಳೂರಿಗೆ ಬಂದದ್ದರಲ್ಲಿ ಮಿರ್ಜಾ ಅವರ ಆಸಕ್ತಿ ದೊಡ್ಡದು. ಇಂದಿನ ಎಚ್‌ಎಎಲ್‌ಗೆ ಮೂಲ ಅದೇ. ಕೈಗೆ ಕೆಲಸವಿರುವ ಯುವಕರು ಇರುವ ಊರು ಶಾಂತವಾಗಿರುತ್ತದೆ ಎಂಬುದನ್ನು ಉದ್ಯೋಗ ಹುಡುಕುತ್ತಿರುವ ನಮಗೆ ಬೇರೆಯವರು ವಿವರಿಸಬೇಕಾಗಿಲ್ಲ.

ಜನರ ಅಹವಾಲು ಕೇಳಲು ಮೈಸೂರಿನಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು. ಊರೂರಿನ ಪ್ರತಿನಿಧಿಗಳು ಬಂದು ಕೆರೆಯ ಏರಿ, ಶಾಲೆ, ರಸ್ತೆ, ತೆರಿಗೆ ಹೀಗೆ ತಮ್ಮ ಊರಿನ ತೊಂದರೆಗಳನ್ನು ದಿವಾನರ ಎದುರಿಗೇ ಹೇಳುತ್ತಿದ್ದರು. ಅಧಿಕಾರ ಅರಮನೆಯದೇ, ನಿಜ. ಆದರೂ ಹೇಳಿಕೊಳ್ಳಲು ಒಂದು ಜಾಗ ಇತ್ತು. ಹೇಳಿಕೊಳ್ಳುವ ಜಾಗ ಇಲ್ಲದಾಗ ಏನಾಗುತ್ತದೆ ಎಂಬುದನ್ನು ಮಿರ್ಜಾ ಅವರ ಆಡಳಿತವೇ ಎರಡು ಬಾರಿ ಕಂಡಿತು.

ಸುಲ್ತಾನ್‌ಪೇಟೆಯ ಗಣಪತಿ

ಮೊದಲನೆಯದು 1928ರಲ್ಲಿ. ಬೆಂಗಳೂರಿನ ಸುಲ್ತಾನ್‌ಪೇಟೆಯ ಸರ್ಕಾರಿ ಶಾಲೆಯ ಆವರಣದಲ್ಲಿ ಒಂದು ಗಣಪತಿ ವಿಗ್ರಹ ಇತ್ತು. ಅದನ್ನು ಎಲ್ಲಿ ಇಡಬೇಕು, ಅದಕ್ಕೆ ಮಂಟಪ ಇರಬೇಕೇ ಬೇಡವೇ ಎಂಬುದು ಒಂದು ಬೀದಿಯ ವಿಷಯ. ಬೀದಿಯ ಹಿರಿಯರು, ಶಾಲೆಯ ಮೇಷ್ಟ್ರು, ಎರಡೂ ಸಮುದಾಯದ ನಾಲ್ಕು ಜನ ಕೂತು ಮಾತಾಡಿದ್ದರೆ ಮುಗಿಯಬಹುದಾಗಿತ್ತು. ಆದರೆ ಅದು ಸರ್ಕಾರಿ ಆದೇಶದ, ಮರ್ಯಾದೆಯ ಪ್ರಶ್ನೆಯಾಯಿತು. ವಿದ್ಯಾರ್ಥಿಗಳು ಬೀದಿಗಿಳಿದರು, ಬಂಧನಗಳಾದವು, ಹಿಂದೂ ಮುಸ್ಲಿಮರ ನಡುವೆ ಹೊಡೆದಾಟ ನಡೆದು ಊರೇ ನಡುಗಿತು. ದಿವಾನರು ಮುಸ್ಲಿಮರಾದ್ದರಿಂದ ಅನುಮಾನದ ಮಾತುಗಳೂ ಹರಡಿದವು.

ಕೊನೆಗೆ ಮಾಜಿ ದಿವಾನ ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯನ್ನು ಸರ್ಕಾರ ನೇಮಿಸಿತು. ತನ್ನ ಆಡಳಿತದ ಮೇಲೆ ಬಂದ ದೂರನ್ನು ಎಲ್ಲರೂ ಗೌರವಿಸುವ ಹಿರಿಯರ ಮುಂದೆ ಇಡುವುದು ಸಣ್ಣ ಮಾತಲ್ಲ. ಆದರೂ ಸಮಿತಿ ಬಂದದ್ದು ಗಲಭೆ ಆದ ಮೇಲೆ. ಕರಾವಳಿಯಲ್ಲಿ ಬೆಳೆದ ನಮಗೆ ಈ ಕಥೆ ಹಳೆಯದೆನಿಸುವುದಿಲ್ಲ. ಒಂದು ಬ್ಯಾನರು, ಒಂದು ಬಾವುಟ, ಒಂದು ವಾಟ್ಸ್‌ಆ್ಯಪ್ ಸಂದೇಶ ಸಂಜೆಯೊಳಗೆ ಊರನ್ನು ಎರಡು ಮಾಡುವುದನ್ನು ನಾವೂ ಕಂಡಿದ್ದೇವೆ. ಅಂಥ ಸಂಜೆ ಎರಡೂ ಕಡೆಯವರ ಮೊಬೈಲ್ ನಂಬರ್ ಇರುವ, ಎರಡೂ ಕಡೆಯವರು ನಂಬುವ ಒಬ್ಬ ಬೀಟ್ ಪೊಲೀಸ್ ಮಾಡಬಹುದಾದ ಕೆಲಸವನ್ನು ಮರುದಿನ ಬರುವ ಮೀಸಲು ಪಡೆಯ ತುಕಡಿ ಮಾಡಲಾರದು.

ವಿದುರಾಶ್ವತ್ಥದ ಆ ದಿನ

ಎರಡನೆಯದು ಇನ್ನೂ ಕಹಿ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ ಮದ್ದೂರು ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಅಧಿವೇಶನ ನಡೆಸಿ, ನಿಷೇಧ ಮುರಿದು ರಾಷ್ಟ್ರಧ್ವಜ ಹಾರಿಸಿತು. ಆ ಹುರುಪು ಊರೂರಿಗೂ ಹಬ್ಬಿತು. ಏಪ್ರಿಲ್ 25ರಂದು ಗೌರಿಬಿದನೂರು ಹತ್ತಿರದ ವಿದುರಾಶ್ವತ್ಥದಲ್ಲಿ ಜನ ಸೇರಿದರು. ಹಳೆಯ ಅಶ್ವತ್ಥ ಮರಕ್ಕೂ ನಾಗರಕಲ್ಲುಗಳಿಗೂ ಹೆಸರಾದ ಯಾತ್ರಾಸ್ಥಳ ಅದು. ಧ್ವಜ ಹಾರಿಸಬೇಕೆಂದು ಬಂದವರು ಸಾವಿರಾರು. ನಿಷೇಧಾಜ್ಞೆ ಇತ್ತು. ಪೊಲೀಸರು ಗುಂಡು ಹಾರಿಸಿದರು. ಸತ್ತವರು 10 ಮಂದಿ ಎಂದು ಸರ್ಕಾರದ ಲೆಕ್ಕ, 30ಕ್ಕೂ ಹೆಚ್ಚು ಎಂದು ಜನರ ಲೆಕ್ಕ. ಕನ್ನಡ ನಾಡಿನ ಜಲಿಯನ್‌ವಾಲಾ ಬಾಗ್ ಎಂಬ ಹೆಸರು ಆ ಜಾಗಕ್ಕೆ ಅಂಟಿಕೊಂಡಿತು.

ಗುಂಡು ಹಾರಿಸಲು ಹೇಳಿದ್ದು ಸ್ಥಳದಲ್ಲಿದ್ದವರು, ದಿವಾನರು ಅಲ್ಲಿರಲಿಲ್ಲ. ಹಾಗೆಂದು ಆಡಳಿತದ ಹೊಣೆ ತಪ್ಪುವುದಿಲ್ಲ. ಬೆಂಗಳೂರಿನ ಬೀದಿಯ ಚರಂಡಿ ಕಾಣುತ್ತಿದ್ದ ಕಣ್ಣಿಗೆ, ಒಂದು ಬಾವುಟದ ಹಿಂದೆ ನಿಂತ ಜನರ ಮನಸ್ಸು ಸರಿಯಾಗಿ ಕಾಣಲಿಲ್ಲ. ಕೊರತೆ ಕಂಡರೆ ತಾವೇ ಸರಿಪಡಿಸುತ್ತೇವೆ, ಜನ ನೆಮ್ಮದಿಯಾಗಿದ್ದರೆ ಸಾಕು ಎಂಬ ಆಡಳಿತದ ಮಿತಿ ಅದು. ಜನರಿಗೆ ಒಳ್ಳೆಯದು ಮಾಡುವುದು ಬೇರೆ, ಜನರನ್ನು ಸೇರಿಸಿಕೊಂಡು ಮಾಡುವುದು ಬೇರೆ. ಸೇರಿಸಿಕೊಳ್ಳದ ಕಡೆ, ಎಷ್ಟೇ ಒಳ್ಳೆಯ ಆಡಳಿತವಿದ್ದರೂ ಒಂದು ದಿನ ಲಾಠಿ, ಬಂದೂಕು ಹೊರಬರುತ್ತವೆ.

ಆಮೇಲೆ ನಡೆದದ್ದೂ ಗಮನಿಸಬೇಕಾದದ್ದೇ. ನಿವೃತ್ತ ನ್ಯಾಯಾಧೀಶ ವೇಪಾ ರಾಮೇಶಂ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿ ನೇಮಕವಾಯಿತು. ಮೇ ತಿಂಗಳಲ್ಲಿ ಸರ್ದಾರ್ ವಲ್ಲಭಭಾಯಿ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದರು. ಮಿರ್ಜಾ ಅವರ ಜೊತೆ ಕೂತು ಮಾತಾಡಿದರು. ಮೈಸೂರಿನ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದು, ಬಂಧಿತರ ಬಿಡುಗಡೆ ಆಗಬೇಕು, ಕಾಂಗ್ರೆಸ್ ಸಂಘಟನೆಗೆ ಮನ್ನಣೆ ಸಿಗಬೇಕು ಎಂದು ಒಪ್ಪಂದವಾಯಿತು. ಮಿರ್ಜಾ ಪಟೇಲ್ ಒಪ್ಪಂದ ಎಂದೇ ಅದು ಹೆಸರಾಯಿತು. ಎರಡು ಧ್ವಜಗಳನ್ನು ಒಟ್ಟಿಗೆ ಹಾರಿಸುವ ಈ ಸರಳ ದಾರಿ ಏಪ್ರಿಲ್ 25ಕ್ಕೆ ಮೊದಲೂ ತೆರೆದೇ ಇತ್ತು. ಮೇ ತಿಂಗಳಲ್ಲಿ ಆಡಿದ ಮಾತನ್ನು ಏಪ್ರಿಲ್‌ನಲ್ಲಿ ಆಡಿದ್ದರೆ ವಿದುರಾಶ್ವತ್ಥದ ಮನೆಗಳಲ್ಲಿ ಅಷ್ಟು ದೀಪಗಳು ಆರುತ್ತಿರಲಿಲ್ಲ.

ಜೈಪುರ, ಹೈದರಾಬಾದ್

1940ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡರು. ಮರುವರ್ಷ ಮಿರ್ಜಾ ದಿವಾನಗಿರಿ ಬಿಟ್ಟರು. ಹದಿನೈದು ವರ್ಷಗಳ ದೀರ್ಘ ಆಡಳಿತ ಹೀಗೆ ಮುಗಿಯಿತು. ಮುಂದೆ ಜೈಪುರದ ಪ್ರಧಾನಮಂತ್ರಿಯಾಗಿ ಹೋಗಿ ಅಲ್ಲಿಯೂ ರಸ್ತೆ ಅಗಲಿಸಿ, ಊರನ್ನು ಹಸನು ಮಾಡಿದರು. ಜೈಪುರಕ್ಕೆ ಪ್ರವಾಸ ಹೋದವರು ಓಡಾಡುವ ಎಂ.ಐ. ರೋಡ್ ಎಂದರೆ ಮಿರ್ಜಾ ಇಸ್ಮಾಯಿಲ್ ರಸ್ತೆಯೇ.

1946ರಲ್ಲಿ ಹೈದರಾಬಾದಿನ ನಿಜಾಮರು ಅವರನ್ನು ಕರೆಸಿಕೊಂಡರು. ಅಲ್ಲಿ ಕಾಲ ಕೆಟ್ಟಿತ್ತು. ಭಾರತದ ಜೊತೆ ಮಾತುಕತೆಯಿಂದ ಹೊಂದಿಕೊಳ್ಳಬೇಕು ಎಂಬುದು ಮಿರ್ಜಾ ಅವರ ನಿಲುವು. ಇತ್ತೆಹಾದ್ ಸಂಘಟನೆಯ ಉಗ್ರರಿಗೆ ಅದು ಹಿಡಿಸಲಿಲ್ಲ. ವರ್ಷ ತುಂಬುವ ಮೊದಲೇ, 1947ರಲ್ಲಿ ಅವರು ಹುದ್ದೆ ಬಿಟ್ಟು ಬಂದರು. ಆಮೇಲೆ ರಜಾಕಾರರ ಹಾವಳಿ, 1948ರ ಸೆಪ್ಟೆಂಬರ್‌ನಲ್ಲಿ ಸೈನ್ಯದ ಕಾರ್ಯಾಚರಣೆ. ಬೀದರ್, ಕಲಬುರಗಿ, ರಾಯಚೂರಿನ ಹಿರಿಯರ ನೆನಪಿನಲ್ಲಿ ಆ ದಿನಗಳ ನೋವು ಬಹುಕಾಲ ಉಳಿಯಿತು. ಮಾತು ನಿಂತ ಕಡೆ ಸುರಕ್ಷತೆಯೂ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೇ?

ಮಿರ್ಜಾ 1954ರಲ್ಲಿ ತಮ್ಮ ಸಾರ್ವಜನಿಕ ಬದುಕಿನ ನೆನಪುಗಳನ್ನು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಪ್ರಕಟಿಸಿದರು. 1959ರ ಜನವರಿಯಲ್ಲಿ ತೀರಿಕೊಂಡರು.

ನಮ್ಮ ಪಾಲಿನ ಕೆಲಸ

ಈಗ ದಿವಾನರಿಲ್ಲ, ಮುಂಜಾನೆ ಕುದುರೆಯೂ ಬರುವುದಿಲ್ಲ. ಪ್ರಜಾಪ್ರಭುತ್ವದಲ್ಲಿ ಆ ಸುತ್ತು ಹಾಕುವ ಕೆಲಸ ನಮ್ಮೆಲ್ಲರದು. ಕರ್ನಾಟಕ ಪೊಲೀಸರು ಬೀಟ್ ವ್ಯವಸ್ಥೆಯಲ್ಲಿ ಸ್ಥಳೀಯರನ್ನು ಸೇರಿಸಿಕೊಳ್ಳುತ್ತಿದ್ದಾರೆ. 2025ರಲ್ಲಿ ರಾಜ್ಯದಲ್ಲಿ ಶುರುವಾದ ಮನೆ ಮನೆಗೆ ಪೊಲೀಸ್ ಎಂಬ ಕಾರ್ಯಕ್ರಮದ ಉದ್ದೇಶವೂ ಪೊಲೀಸರೇ ಮನೆ ಬಾಗಿಲಿಗೆ ಬಂದು ಸಮಸ್ಯೆ ಕೇಳುವುದು. ನಮ್ಮ ಮಲ್ಪೆಯಲ್ಲೇ ಕರಾವಳಿ ಕಾವಲು ಪೊಲೀಸ್ ಪಡೆಯ ಕೇಂದ್ರ ಕಚೇರಿ ಇದೆ. 2008ರಲ್ಲಿ ಮುಂಬೈಗೆ ಉಗ್ರರು ಸಮುದ್ರದ ದಾರಿಯಲ್ಲಿ ಬಂದ ಮೇಲೆ ದೇಶಕ್ಕೆ ಒಂದು ವಿಷಯ ಚೆನ್ನಾಗಿ ಮನದಟ್ಟಾಯಿತು. ಸಮುದ್ರದಲ್ಲಿ ಅಪರಿಚಿತ ದೋಣಿ ಯಾವುದು ಎಂದು ಮೊದಲು ಗುರುತಿಸುವವರು ಮೀನುಗಾರರು. ಪೊಲೀಸರ ಬೋಟು ಎಷ್ಟೇ ವೇಗದ್ದಾದರೂ ಬಲೆ ಬೀಸುವವರ ಕಣ್ಣು ಅದರ ಜೊತೆ ಇರಬೇಕು.

ಆದರೆ ಒಂದು ಗೆರೆ ಇದೆ. ಜನರು ಪೊಲೀಸರ ಜೊತೆ ಕೆಲಸ ಮಾಡುವುದು ಸಮುದಾಯ ಪೊಲೀಸ್ ವ್ಯವಸ್ಥೆ. ಜನರ ಗುಂಪೇ ಪೊಲೀಸರಂತೆ ಗಾಡಿ ತಡೆದು, ಜೋಡಿಗಳನ್ನು ಬೆದರಿಸಿ, ಶಿಕ್ಷೆ ಕೊಡಲು ಹೊರಟರೆ ಅದು ಅಪರಾಧ. ಕರಾವಳಿಯ ಯುವಕರು ಈ ಗೆರೆಯನ್ನು ನೆನಪಿಡದಿದ್ದರೆ ಪರೀಕ್ಷೆಯಲ್ಲಿ ಪಾಸಾಗಿ ಬಂದ ಕೆಲಸವೂ ಒಂದು ಎಫ್‌ಐಆರ್‌ನಲ್ಲಿ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಊರಿನ ಒಂದು ಪಾಲು ಜನರಿಗೆ ಬೀದಿಗೆ ಬರಲು ಹೆದರಿಕೆಯಾಗುತ್ತದೆ. ಹೆದರಿದ ಊರು ಸುರಕ್ಷಿತ ಊರಲ್ಲ.

ಹಾಗಾದರೆ ನಾವು ಮಾಡಬಹುದಾದದ್ದೇನು? ನಮ್ಮ ಬೀಟ್ ಪೊಲೀಸ್ ಯಾರು ಎಂದು ಠಾಣೆಯಲ್ಲಿ ಕೇಳಿ ತಿಳಿದುಕೊಳ್ಳಬಹುದು. ಬೀಟ್ ಸಭೆ ಕರೆದರೆ ಹೋಗಬಹುದು. ಅಲ್ಲಿ ಬರಿ ಹಿರಿಯರು, ಮುಖಂಡರು ಕೂತಿದ್ದರೆ ಹಾಸ್ಟೆಲಿನ ಹುಡುಗಿಯರನ್ನೂ, ಹೊರ ಜಿಲ್ಲೆಗಳಿಂದ ಕೂಲಿಗೆ ಬಂದವರನ್ನೂ ಕರೆಯಿರಿ ಎಂದು ಹೇಳಬಹುದು. ಕೆಟ್ಟ ದೀಪಕಂಬದ ನಂಬರ್ ಬರೆದುಕೊಂಡು ಮೆಸ್ಕಾಂಗೋ ನಗರಸಭೆಗೋ ದೂರು ಕೊಡಬಹುದು, ಆಗುವವರೆಗೆ ಬಿಡದೆ ವಿಚಾರಿಸಬಹುದು. ತುರ್ತಿಗೆ 112 ಇದೆ ಎಂದು ಮನೆಯ ಅಜ್ಜಿಗೂ ಕಲಿಸಬಹುದು. ಇದಕ್ಕೆಲ್ಲ ನೇಮಕಾತಿ ಆದೇಶ ಬೇಕಾಗಿಲ್ಲ.

ನಮ್ಮಲ್ಲಿ ಕೆಲವರಾದರೂ ನಾಳೆ ಪಿಎಸ್‌ಐ, ತಹಶೀಲ್ದಾರ್, ಪಿಡಿಒ ಆಗುತ್ತಾರೆ. ಹುದ್ದೆಗೆ ಹೋದ ಮೊದಲ ವಾರ ಜೀಪಿನಿಂದ ಇಳಿದು ಬೀದಿಯಲ್ಲಿ ನಡೆಯಿರಿ, ಯಾವ ದೀಪ ಉರಿಯುತ್ತಿಲ್ಲ ಎಂದು ನೋಡಿ. ನಿಂತು ಯಾರು ಯಾಕೆ ಸಿಟ್ಟಾಗಿದ್ದಾರೆ ಎಂದೂ ಕೇಳಿ. ಮಿರ್ಜಾ ಮೊದಲನೆಯದನ್ನು ದಿನವೂ ಮಾಡಿದರು. ಎರಡನೆಯದು ತಡವಾದಾಗ ಏನಾಯಿತು ಎಂಬುದಕ್ಕೆ ವಿದುರಾಶ್ವತ್ಥದ ಹುತಾತ್ಮರ ಸ್ಮಾರಕ ಇಂದಿಗೂ ಸಾಕ್ಷಿಯಾಗಿ ನಿಂತಿದೆ.